ಹದಿನಾರಾಣೆ ಸಾಕ್ಷಿ: ಡೀಬಗ್ಗರ್ ಹೇಳುವ ಅಂಕಿ ಎಷ್ಟು ನಿಜ?

(ಕತಾರಿನ ಅಲ್ ಅಜೀಜಿಯಾದಲ್ಲಿ ಕನ್ನಡಿಗರ ಸಭೆಗಾಗಿ ಸಿದ್ಧಪಡಿಸಿದ ದತ್ತಿ ಉಪನ್ಯಾಸದ ಪಠ್ಯ)

ಒಬ್ಬರ ಮಾತಿನಲ್ಲಿ ಎಳ್ಳಷ್ಟೂ ಕಲಬೆರಕೆಯಿಲ್ಲ ಎನ್ನುವುದಕ್ಕೆ ಕನ್ನಡದಲ್ಲಿ ‘ಹದಿನಾರಾಣೆ ನಿಜ’ ಎಂಬ ಮಾತಿದೆ. ರೂಪಾಯಿಗೆ ಹದಿನಾರು ಆಣೆ ಎಂಬ ಲೆಕ್ಕ ಭಾರತದಲ್ಲಿ 1957ರ ಏಪ್ರಿಲ್ 1ರಂದು ಮುಗಿದು, ನೂರು ನಯೇ ಪೈಸೆಯ ಲೆಕ್ಕ ಬಂತು. ಆಣೆ ಹೋಯಿತು, ಮಾತು ಉಳಿಯಿತು. ಆ ಆಣೆ ದೋಹಾದ ಪೇಟೆಗೂ ಹೊಸತಲ್ಲ. ಭಾರತದ ರೂಪಾಯಿಯೇ ಒಂದು ಕಾಲಕ್ಕೆ ಕತಾರಿನ ಹಣವಾಗಿತ್ತು. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಕೊಲ್ಲಿ ಪ್ರದೇಶಗಳಿಗೆಂದೇ ಬೇರೆ ರೂಪಾಯಿ ನೋಟು ಹೊರಡಿಸಿತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಕತಾರ್ ಅದನ್ನು ಬಿಟ್ಟು ರಿಯಾಲಿನ ಕಡೆ ತಿರುಗಿತು. ಈಗ ಅಲ್ ಅಜೀಜಿಯಾದಿಂದ ಊರಿಗೆ ದುಡ್ಡು ಕಳಿಸುವವರೆಲ್ಲ ರಿಯಾಲು, ದಿರ್‌ಹಮ್, ರೂಪಾಯಿ, ಪೈಸೆಗಳಲ್ಲೇ ಲೆಕ್ಕ ಹಾಕುತ್ತಾರೆ. ಎಲ್ಲವೂ ನೂರರ ಲೆಕ್ಕ.

ಕಂಪ್ಯೂಟರಿಗೆ ಮಾತ್ರ ಇಂದಿಗೂ ಆಣೆಯೇ ಸಲೀಸು, ಪೈಸೆಯೇ ಕಷ್ಟ.

ಇದನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಸಿ ಭಾಷೆಯಲ್ಲಿ ಹತ್ತು ಸಾಲಿನ ಪ್ರೋಗ್ರಾಂ ಸಾಕು. ಸೊನ್ನೆಯಿಂದ ಶುರು ಮಾಡಿ ಹದಿನಾರನೆಯ ಒಂದು ಪಾಲನ್ನು ಹದಿನಾರು ಸಲ ಕೂಡಿದರೆ ಬರುವುದು ಕರಾರುವಾಕ್ಕಾಗಿ 1. ಹತ್ತನೆಯ ಒಂದು ಪಾಲನ್ನು, ಅಂದರೆ 0.1ನ್ನು, ಹತ್ತು ಸಲ ಕೂಡಿದರೆ 1 ಬರುವುದಿಲ್ಲ. ಮೊತ್ತ 1ಕ್ಕೆ ಸಮವೇ ಎಂದು ಕೇಳಿದರೆ ‘ಅಲ್ಲ’ ಎಂಬ ಉತ್ತರ ಬರುತ್ತದೆ. ಗಾಬರಿಯಾಗಿ ಮೊತ್ತವನ್ನು ಪರದೆಗೆ ಬರೆಸಿದರೆ 1.000000 ಎಂದು ಕಾಣುತ್ತದೆ. ಕಣ್ಣಿಗೆ ಒಂದು, ಹೋಲಿಕೆಗೆ ಒಂದಲ್ಲ. ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರು ಯಂತ್ರವೇ ಕೆಟ್ಟಿದೆ ಎಂದುಕೊಳ್ಳುವುದು ಇಲ್ಲಿಯೇ.

ಯಂತ್ರ ಕೆಟ್ಟಿಲ್ಲ. ಎರಡು, ನಾಲ್ಕು, ಎಂಟು, ಹದಿನಾರು ಎಂದು ಅರ್ಧ ಅರ್ಧವಾಗಿ ಸೀಳುತ್ತ ಹೋಗುವ ಲೆಕ್ಕವಷ್ಟೇ ಅದಕ್ಕೆ ಗೊತ್ತು. ಹತ್ತರಲ್ಲಿ ಐದು ಎಂಬ ಅಪವರ್ತನವಿದೆ. ಅರ್ಧ ಮಾಡುತ್ತ ಎಷ್ಟು ದೂರ ಹೋದರೂ ಐದನೆಯ ಒಂದು ಪಾಲು ಕೈಗೆ ಸಿಗುವುದಿಲ್ಲ, ಮೂರನೆಯ ಒಂದು ಪಾಲನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333 ಮುಗಿಯದ ಹಾಗೆ. ಹಾಗಾಗಿ ಯಂತ್ರ 0.1ರ ಬದಲು ಅದರ ಅತಿ ಹತ್ತಿರದ ನೆರೆಯ ಸಂಖ್ಯೆಯೊಂದನ್ನು ಇಟ್ಟುಕೊಳ್ಳುತ್ತದೆ. ಹಳೆಯ ಕನ್ನಡ ಲೆಕ್ಕದ ಭಿನ್ನಗಳು ಈ ಯಂತ್ರಕ್ಕೆಂದೇ ಮಾಡಿದಂತಿವೆ: ಅರೆ, ಕಾಲು, ಅರೆಕಾಲು, ಹದಿನಾರನೆಯ ಪಾಲಾದ ವೀಸ, ಅರವತ್ತನಾಲ್ಕನೆಯ ಪಾಲಾದ ಕಾಣಿ. ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿದ ಹಿರಿಯರು ಈ ಸಭೆಯಲ್ಲಿದ್ದರೆ ಅವರ ಮಗ್ಗಿಯ ಒಂದೊಂದು ಸಾಲೂ ಕಂಪ್ಯೂಟರಿನಲ್ಲಿ ತಪ್ಪಿಲ್ಲದೆ ಕೂರುತ್ತದೆ. ಆಣೆಯ ಲೆಕ್ಕದಲ್ಲೂ ಒಂದು ಅಪವಾದವುಂಟು. ಆಣೆಗೆ ಹನ್ನೆರಡು ಪೈ ಇತ್ತಲ್ಲ, ಆ ಪೈ ಮಾತ್ರ ಕೂರುವುದಿಲ್ಲ. ಹನ್ನೆರಡರಲ್ಲಿ ಮೂರು ಸೇರಿಕೊಂಡಿದೆ.

ಯಂತ್ರ ಈ ಸಂಖ್ಯೆಗಳನ್ನು ಇಡುವ ಬಗೆಗೆ ಫ್ಲೋಟಿಂಗ್ ಪಾಯಿಂಟ್ ಎಂದು ಹೆಸರು. ಬಿಂದು ಒಂದೇ ಕಡೆ ನಿಲ್ಲದೆ ಸಂಖ್ಯೆಯ ಗಾತ್ರಕ್ಕೆ ತಕ್ಕಂತೆ ಸರಿಯುತ್ತದೆ. ಒಂದೊಂದೂ 0 ಅಥವಾ 1 ಆಗಿರುವ 32 ಬಿಟ್‌ಗಳ ಚಿಕ್ಕ ಪೆಟ್ಟಿಗೆಯಲ್ಲಿ ಅಂಕಿಗೆಂದು ದಕ್ಕುವುದು 24 ಬಿಟ್, 64 ಬಿಟ್‌ಗಳ ದೊಡ್ಡದರಲ್ಲಿ 53 ಬಿಟ್. ಬಿಂದು ಸರಿದಾಡುವುದರಿಂದ ನಿಖರತೆಯೂ ಸರಿದಾಡುತ್ತದೆ. ಅಲ್ ಅಜೀಜಿಯಾಕ್ಕೆ ಹತ್ತಿರದ ಆಸ್ಪೈರ್ ಗೋಪುರದ ಎತ್ತರ 300 ಮೀಟರ್. ಚಿಕ್ಕ ಪೆಟ್ಟಿಗೆಯಲ್ಲಿ 300ರ ಸುತ್ತಮುತ್ತ ಒಂದು ಸಂಖ್ಯೆಗೂ ಅದರ ಪಕ್ಕದ ಸಂಖ್ಯೆಗೂ ಇರುವ ಅಂತರ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು. ಅದೇ ಪೆಟ್ಟಿಗೆಯಲ್ಲಿ ಭೂಮಿಯ ತ್ರಿಜ್ಯವನ್ನು, ಸುಮಾರು 63,71,000 ಮೀಟರನ್ನು, ಇಟ್ಟರೆ ಪಕ್ಕದ ಸಂಖ್ಯೆ ಅರ್ಧ ಮೀಟರ್ ಆಚೆಗಿರುತ್ತದೆ. ನಡುವೆ ಏನೂ ಇಲ್ಲ. ಗೋಪುರ ಅಳೆಯುವವರಿಗೆ ಧಾರಾಳವಾದ ಪೆಟ್ಟಿಗೆ ಉಪಗ್ರಹದ ಜಾಡು ಹಿಡಿಯುವವರಿಗೆ ಸಾಲದು.

ಈ ಸೂಕ್ಷ್ಮವನ್ನು ಬರಿಗಣ್ಣಿಗೆ ಕಾಣಿಸುವ ಕೆಲಸ ಡೀಬಗ್ಗರಿನದು. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ತಡೆದು ನಿಲ್ಲಿಸಿ, ‘ಈ ಕ್ಷಣ ಈ ಹೆಸರಿನಲ್ಲಿರುವ ಬೆಲೆ ಎಷ್ಟು?’ ಎಂದು ಕೇಳಿದರೆ ಅದು ಹೇಳಬೇಕು. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಜಿಡಿಬಿ ಇಂಥ ಸಲಕರಣೆಗಳಲ್ಲಿ ಬಹು ಪ್ರಸಿದ್ಧವಾದದ್ದು. 0.1ನ್ನು ಹತ್ತು ಸಲ ಕೂಡಿದ ಮೊತ್ತವನ್ನು ಜಿಡಿಬಿಗೆ ಕೇಳಿದರೆ 1.000000 ಎಂದು ತೇಲಿಸುವುದಿಲ್ಲ, 0.99999999999999989 ಎನ್ನುತ್ತದೆ. ಅದೇ ಕೂಡಿಕೆಯನ್ನು ಚಿಕ್ಕ ಪೆಟ್ಟಿಗೆಯಲ್ಲಿ ಮಾಡಿ ಕೇಳಿದರೆ 1.00000012. ಒಂದರಲ್ಲಿ ಮೊತ್ತ ಕೆಳಗಿಳಿದಿದೆ, ಇನ್ನೊಂದರಲ್ಲಿ ಮೇಲೇರಿದೆ. ತಪ್ಪು ಎಲ್ಲಿದೆ, ಎಷ್ಟಿದೆ, ಯಾವ ದಿಕ್ಕಿಗಿದೆ ಎಂಬ ಮೂರೂ ಒಂದೇ ಸಾಲಿನಲ್ಲಿ ಸಿಕ್ಕಿತು. ನ್ಯಾಯಾಲಯದ ಮಾತಿನಲ್ಲಿ ಹೇಳುವುದಾದರೆ ಡೀಬಗ್ಗರ್ ಪ್ರತ್ಯಕ್ಷ ಸಾಕ್ಷಿ. ಸಾಕ್ಷಿಯೇ ಕೊನೆಯ ಅಂಕಿಗಳನ್ನು ನುಂಗಿಕೊಂಡು ದುಂಡು ಉತ್ತರ ಕೊಟ್ಟರೆ, ಪ್ರೋಗ್ರಾಮಿನ ತಪ್ಪು ಹುಡುಕುವವರು ತಪ್ಪಿಲ್ಲದ ಕಡೆ ವಾರಗಟ್ಟಲೆ ಅಗೆಯುತ್ತಾರೆ. ಆದ್ದರಿಂದ ಸಾಕ್ಷಿಯನ್ನೇ ಮೊದಲು ಪರೀಕ್ಷಿಸಬೇಕು.

ಇಷ್ಟು ಸಣ್ಣ ಅಂಕಿಗೆ ಇಷ್ಟೊಂದು ಪಡಿಪಾಟಲೇ ಎನ್ನುವವರು 1991ರ ಫೆಬ್ರುವರಿ 25ರ ರಾತ್ರಿಯನ್ನು ನೆನೆಯಬೇಕು. ಇಲ್ಲಿಂದ ನೇರ ಗೆರೆಯಲ್ಲಿ ಇನ್ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿರುವ ಸೌದಿ ಅರೇಬಿಯಾದ ದಹ್ರಾನಿನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಯೊಂದು ಅಮೆರಿಕದ ಸೈನಿಕರ ವಸತಿಗೆ ಬಡಿದು 28 ಮಂದಿ ಸತ್ತರು. ಅದನ್ನು ತಡೆಯಬೇಕಿದ್ದ ಪೇಟ್ರಿಯಟ್ ವ್ಯವಸ್ಥೆ ಆ ಕ್ಷಿಪಣಿಯತ್ತ ಗುಂಡನ್ನೇ ಹಾರಿಸಲಿಲ್ಲ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 1992ರ ಫೆಬ್ರುವರಿಯಲ್ಲಿ ಕೊಟ್ಟ ವರದಿ ಕಾರಣವನ್ನು ಬಿಡಿಸಿಟ್ಟಿದೆ. ಆ ಯಂತ್ರದ ಗಡಿಯಾರ ಸೆಕೆಂಡಿನ ಹತ್ತನೆಯ ಪಾಲುಗಳನ್ನು ಎಣಿಸುತ್ತಿತ್ತು. ಎಣಿಕೆಯನ್ನು ಸೆಕೆಂಡಿಗೆ ತರಲು 0.1ರಿಂದ ಗುಣಿಸಬೇಕು. 24 ಬಿಟ್‌ಗಳ ರಿಜಿಸ್ಟರಿನಲ್ಲಿ 0.1ರ ಬಾಲ ಕತ್ತರಿಸಿಹೋಗಿತ್ತು. ಕತ್ತರಿಸಿದ್ದು ಸುಮಾರು 0.000000095, ಅಂದರೆ ಕೋಟಿಯಲ್ಲಿ ಒಂದು ಪಾಲಿಗೂ ಕಡಿಮೆ. ಯಂತ್ರ ನೂರು ಗಂಟೆ ನಿಲ್ಲದೆ ಓಡಿತ್ತು. ನೂರು ಗಂಟೆಯೆಂದರೆ 36 ಲಕ್ಷ ಎಣಿಕೆ. ಪ್ರತಿ ಎಣಿಕೆಯಲ್ಲಿ ಕಳೆದುಹೋದ ಚೂರುಗಳೆಲ್ಲ ಸೇರಿ 0.34 ಸೆಕೆಂಡ್ ಆಗಿತ್ತು. ಸೆಕೆಂಡಿಗೆ ಸುಮಾರು 1,676 ಮೀಟರ್ ಹಾರುವ ಸ್ಕಡ್ ಅಷ್ಟರಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ದಾಟುತ್ತದೆ. ರೇಡಾರ್ ನೋಡಬಾರದ ಜಾಗದಲ್ಲಿ ನೋಡಿತು.

ಅದು ಬಿಂದು ಸರಿಯುವ ಲೆಕ್ಕವಲ್ಲ, ಬಿಂದು ನಿಂತ ಲೆಕ್ಕ. ಆದರೂ ರೋಗ ಒಂದೇ: ಹತ್ತನೆಯ ಪಾಲು ಎರಡರ ಲೆಕ್ಕದಲ್ಲಿ ಕೂರದಿರುವುದು. ಆ ಗಡಿಯಾರ ಸೆಕೆಂಡನ್ನು ಹತ್ತರ ಬದಲು ಹದಿನಾರು ಪಾಲು ಮಾಡಿದ್ದರೆ, ಅಂದರೆ ಅಜ್ಜಂದಿರ ವೀಸದಲ್ಲಿ ಎಣಿಸಿದ್ದರೆ, ನೂರು ಗಂಟೆಗೂ ಸಾವಿರ ಗಂಟೆಗೂ ಈ ಗುಣಾಕಾರದಲ್ಲಿ ಕಳೆದುಹೋಗುವುದೇ ಇರಲಿಲ್ಲ. ಇನ್ನೊಂದು ಸಂಕಟದ ಸಂಗತಿಯೂ ವರದಿಯಲ್ಲಿದೆ. ಸರಿಪಡಿಸಿದ ಸಾಫ್ಟ್‌ವೇರ್ ದಹ್ರಾನಿಗೆ ಬಂದದ್ದು ಫೆಬ್ರುವರಿ 26ರಂದು, ಮರುದಿನ.

ಈಗ ಪರೀಕ್ಷೆಯ ವಿಷಯ. ಜಿಡಿಬಿಯ ಜೊತೆಗೇ ಅದರ ಪರೀಕ್ಷೆಗಳ ದೊಡ್ಡ ಕಂತೆ ಬರುತ್ತದೆ. ಚಿಕ್ಕ ಚಿಕ್ಕ ಪ್ರೋಗ್ರಾಮುಗಳನ್ನು ಓಡಿಸಿ, ಡೀಬಗ್ಗರಿಗೆ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಮೊದಲೇ ಬರೆದಿಟ್ಟ ಮಾದರಿಯೊಂದಿಗೆ ಹೋಲಿಸಿ ‘ಪಾಸ್’ ಅಥವಾ ‘ಫೇಲ್’ ಎಂದು ಬರೆಯುವ ವ್ಯವಸ್ಥೆ. ಅದರಲ್ಲಿ ಫ್ಲೋಟಿಂಗ್ ಪಾಯಿಂಟಿಗೆಂದೇ ಇರುವ ಒಂದು ಪರೀಕ್ಷೆ ಮೂರು ಗಾತ್ರದ ಪೆಟ್ಟಿಗೆಗಳಲ್ಲಿ ಮೂರು ಸಂಖ್ಯೆ ಇಟ್ಟು ಕೇಳುತ್ತದೆ: 1.5, 2.25, 4.375. ಆಣೆಯ ಕಣ್ಣಿಂದ ಓದಿದರೆ ಇವು ಒಂದು ರೂಪಾಯಿ ಎಂಟಾಣೆ, ಎರಡು ರೂಪಾಯಿ ನಾಲ್ಕಾಣೆ, ನಾಲ್ಕು ರೂಪಾಯಿ ಆರಾಣೆ. ಮೂರೂ ಯಂತ್ರದಲ್ಲಿ ಚೂರೂ ಕೆಡದೆ ಕೂರುವ ಸಂಖ್ಯೆಗಳು. ಬರೆದವರು ತಿಳಿದೇ ಆರಿಸಿದ್ದಾರೆ. ಯಾವ ಪ್ರೊಸೆಸರಿನ ಮೇಲೆ ಓಡಿಸಿದರೂ ಉತ್ತರ ಒಂದೇ ಬರಬೇಕಲ್ಲ. ಸಂಖ್ಯೆಯನ್ನು ಓದುವುದು, ಬದಲಾಯಿಸುವುದು ಸರಿಯೇ ಎಂದು ನೋಡಲು ಇದು ಒಳ್ಳೆಯ ಆಯ್ಕೆ. ನಿಖರತೆಯ ಪರೀಕ್ಷೆಗೆ ಮಾತ್ರ ಇವು ಯಾವತ್ತೂ ಸಾಲವು. ಅಂಕಿಗಳನ್ನು ಅರ್ಧಕ್ಕೆ ಕತ್ತರಿಸಿ ತೋರಿಸುವ ಕೆಟ್ಟ ಡೀಬಗ್ಗರ್ ಕೂಡ 2.25ನ್ನು 2.25 ಎಂದೇ ಹೇಳುತ್ತದೆ. ಆಣೆಯ ಸಂಖ್ಯೆಯಲ್ಲಿ ಎಲ್ಲರೂ ಪಾಸು. ಸಾಕ್ಷಿಯ ಗುಣ ತಿಳಿಯಬೇಕಾದರೆ ಪೈಸೆಯ ಸಂಖ್ಯೆ ಕೊಟ್ಟು ನೋಡಬೇಕು.

ಅಂಥ ಸಂಖ್ಯೆಗೆ ಈ ಊರಿನವರು ದೂರ ಹೋಗಬೇಕಿಲ್ಲ. ಅಮೆರಿಕದ ಡಾಲರಿಗೆ 3.64 ರಿಯಾಲ್ ಎಂಬ ಸ್ಥಿರ ದರವೇ ಹೇಳಿ ಮಾಡಿಸಿದಂತಿದೆ. ದೊಡ್ಡ ಪೆಟ್ಟಿಗೆಯಲ್ಲಿಟ್ಟ 3.64ನ್ನು ಜಿಡಿಬಿ 3.6400000000000001 ಎಂದು ತೋರಿಸುತ್ತದೆ, ಚಿಕ್ಕದರಲ್ಲಿಟ್ಟದ್ದನ್ನು 3.6400001 ಎಂದು. ಹಣ ವರ್ಗಾವಣೆಯ ಪ್ರೋಗ್ರಾಮೊಂದರಲ್ಲಿ ದರವನ್ನು ಚಿಕ್ಕ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂದುಕೊಳ್ಳೋಣ. ಪರೀಕ್ಷಿಸುವ ಹುಡುಗಿ ‘ದರ 3.64 ಆದಾಗ ನಿಲ್ಲು’ ಎಂದು ಷರತ್ತು ಹಾಕಿ ಬ್ರೇಕ್‌ಪಾಯಿಂಟ್ ಇಡುತ್ತಾಳೆ. ಪ್ರೋಗ್ರಾಂ ನಿಲ್ಲುವುದೇ ಇಲ್ಲ. ಅವಳು ಟೈಪು ಮಾಡಿದ 3.64ನ್ನು ಡೀಬಗ್ಗರ್ ದೊಡ್ಡ ಪೆಟ್ಟಿಗೆಯ ಸಂಖ್ಯೆಯೆಂದು ಓದಿತು. ಚಿಕ್ಕದರೊಳಗಿನದು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಸಂಖ್ಯೆಯ ಕೊನೆಗೆ ‘ಎಫ್’ ಅಕ್ಷರ ಸೇರಿಸಿ ಚಿಕ್ಕ ಪೆಟ್ಟಿಗೆಯದು ಎಂದು ಹೇಳಿದ ಕೂಡಲೇ ಎರಡೂ ಸಮವಾಗುತ್ತವೆ, ಪ್ರೋಗ್ರಾಂ ನಿಲ್ಲುತ್ತದೆ. ಇಲ್ಲಿ ಡೀಬಗ್ಗರಿನ ತಪ್ಪೇನೂ ಇಲ್ಲ. ಸಿ ಭಾಷೆ ಹೇಗೆ ಓದುತ್ತದೋ ಅದೂ ಹಾಗೇ ಓದಿತು. ‘ಎಫ್’ ಸೇರಿಸಿದ ಮೇಲೂ ಸಮವಲ್ಲ ಎಂದಿದ್ದರೆ ಅದು ತಪ್ಪು. ಪರೀಕ್ಷೆ ಬರೆಯುವವರು ಎರಡನ್ನೂ ಬರೆಯಬೇಕು: ಸಮವಾಗಬಾರದ್ದು ಸಮವಾಗಬಾರದು, ಆಗಬೇಕಾದ್ದು ಆಗಬೇಕು.

ಎಷ್ಟು ಅಂಕಿ ತೋರಿಸಿದರೆ ಸಾಕು? ಇದಕ್ಕೆ ಗಣಿತದ ಖಚಿತ ಉತ್ತರವಿದೆ. ಚಿಕ್ಕ ಪೆಟ್ಟಿಗೆಗೆ 9, ದೊಡ್ಡದಕ್ಕೆ 17 ಸಾರ್ಥಕ ಅಂಕಿಗಳಿದ್ದರೆ, ತೋರಿಸಿದ್ದನ್ನು ಮರಳಿ ಟೈಪು ಮಾಡಿದಾಗ ಅದೇ ಬಿಟ್‌ಗಳು ವಾಪಸು ಬರುತ್ತವೆ. ಒಂದು ಅಂಕಿ ಕಡಿಮೆಯಾದರೂ ಕೆಲವು ಸಂಖ್ಯೆಗಳು ಪಕ್ಕದ ಮನೆಗೆ ಹೋಗಿಬಿಡುತ್ತವೆ. ಪೈಥಾನ್ ಭಾಷೆ 2009ರ 3.1ನೇ ಆವೃತ್ತಿಯಿಂದ ಬೇರೆ ದಾರಿ ಹಿಡಿದಿದೆ. ಮರಳಿ ಅದೇ ಬಿಟ್‌ಗಳನ್ನು ಕೊಡುವ ಅತಿ ಚಿಕ್ಕ ಬರಹ ಯಾವುದೋ ಅದನ್ನೇ ತೋರಿಸುತ್ತದೆ. ಹಾಗಾಗಿ ಅಲ್ಲಿ 0.1 ಎಂದರೆ 0.1 ಎಂದೇ ಕಾಣುತ್ತದೆ. ಲೆಕ್ಕ ಮಾಡುವವರಿಗೆ ಅದು ಹಿತ. ತಪ್ಪು ಹುಡುಕುವವರಿಗೆ ಹದಿನೇಳು ಅಂಕಿಯ ಒರಟು ಉತ್ತರವೇ ಮೇಲು. 0.10000000000000001 ಎಂಬ ಆ ಕೊನೆಯ 1 ‘ಇದು ನೀನು ಬರೆದ ಸಂಖ್ಯೆಯಲ್ಲ, ನೆರೆಯದು’ ಎಂದು ಪ್ರತಿ ಸಲವೂ ನೆನಪಿಸುತ್ತದೆ.

ಪರೀಕ್ಷೆಯಲ್ಲಿ ಇರಲೇಬೇಕಾದ ವಿಚಿತ್ರ ಸಂಖ್ಯೆಗಳು ಇನ್ನೂ ಕೆಲವಿವೆ. ಸೊನ್ನೆಯಲ್ಲಿ ಎರಡು ಬಗೆ, ಧನ ಮತ್ತು ಋಣ. ಹೋಲಿಸಿದರೆ ಎರಡೂ ಸಮ, ಆದರೆ 1ನ್ನು ಅವುಗಳಿಂದ ಭಾಗಿಸಿದರೆ ಒಂದು ಧನ ಅನಂತಕ್ಕೆ, ಇನ್ನೊಂದು ಋಣ ಅನಂತಕ್ಕೆ ಹೋಗುತ್ತದೆ. ಋಣ ಸೊನ್ನೆಯ ಚಿಹ್ನೆಯನ್ನು ಡೀಬಗ್ಗರ್ ನುಂಗಬಾರದು. ‘ಸಂಖ್ಯೆಯಲ್ಲ’ ಎಂಬ ಬೆಲೆ ತನಗೆ ತಾನೇ ಸಮವಲ್ಲ; ಡೀಬಗ್ಗರಿನೊಳಗೆ ಹೋಲಿಸಿದಾಗಲೂ ಹಾಗೇ ಇರಬೇಕು. ದೊಡ್ಡ ಪೆಟ್ಟಿಗೆಯ ಅತಿ ಸಣ್ಣ ಧನ ಸಂಖ್ಯೆ ಸುಮಾರು 4.94ನ್ನು 10ರ ಮೈನಸ್ 324ನೇ ಘಾತದಿಂದ ಗುಣಿಸಿದಷ್ಟು. ಅದನ್ನು ಸೊನ್ನೆ ಎಂದು ತೋರಿಸಿದರೆ ಸಾಕ್ಷಿ ಸುಳ್ಳು ಹೇಳಿದಂತೆ. ಪೂರ್ಣಾಂಕಗಳೂ ಬೇಕು. 1,67,77,217 ಎಂಬ ಸಂಖ್ಯೆ ಚಿಕ್ಕ ಪೆಟ್ಟಿಗೆಗೆ ಹೋದರೆ 1,67,77,216 ಆಗಿ ಹೊರಬರುತ್ತದೆ. ಬಿಂದುವೇ ಇಲ್ಲದ ಸಂಖ್ಯೆಗೂ ಕುತ್ತು ತಪ್ಪಿದ್ದಲ್ಲ.

ಎಲ್ಲಕ್ಕಿಂತ ತೊಡಕಿನ ಕಥೆ ಇಂಟೆಲ್ 8087ರದು, ಅದರ ಒಂದು ಎಳೆ ಬೆಂಗಳೂರಿಗೂ ಬರುತ್ತದೆ. 1980ರಲ್ಲಿ ಬಂದ ಈ ಚಿಪ್ಪು ಫ್ಲೋಟಿಂಗ್ ಪಾಯಿಂಟ್ ಲೆಕ್ಕಕ್ಕೆಂದೇ ಮಾಡಿದ ಸಹ-ಪ್ರೊಸೆಸರ್. ಅದರ ರೂಪಣೆಗೆ ಬರ್ಕ್‌ಲಿಯ ವಿಲಿಯಂ ಕಹಾನ್ ಮಾರ್ಗದರ್ಶಕರಾಗಿದ್ದರು. ಅವರ ಮುಂದಾಳ್ತನದಲ್ಲಿ ರೂಪುಗೊಂಡ ಐಇಇಇ 754 ಎಂಬ ಮಾನಕ 1985ರಲ್ಲಿ ಬಂದು, ಕಂಪನಿಗೊಂದು ರೀತಿಯಿದ್ದ ಲೆಕ್ಕವನ್ನು ಒಂದು ಶಿಸ್ತಿಗೆ ತಂದಿತು; 1989ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಕಟ್ಟಿ 1986ರ ಡಿಸೆಂಬರಿನಲ್ಲಿ ಚಾಲನೆಗೆ ತಂದ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರಿನಲ್ಲಿ ಲೆಕ್ಕ ನಡೆಸಿದ್ದು ನಾಲ್ಕು 8086 ಪ್ರೊಸೆಸರ್‌ಗಳು ಮತ್ತು ಅವುಗಳ ಜೋಡಿ 8087 ಚಿಪ್ಪುಗಳು. ದ್ರವಗಳ ಚಲನೆಯ ಲೆಕ್ಕಕ್ಕೆಂದು ಹುಟ್ಟಿದ ಆ ಯಂತ್ರಮಾಲೆ ಮುಂದೆ ಮಳೆಗಾಲದ ಮುನ್ಸೂಚನೆಗೂ ದುಡಿಯಿತು. ಹವಾಮಾನದ ಲೆಕ್ಕದಲ್ಲಿ ಅಂಕಿ ಕತ್ತರಿಸುವುದು ಎಂಥ ಅಪಾಯವೆಂದು ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1961ರಲ್ಲೇ ಕಂಡಿದ್ದರು. 0.506127ರ ಬದಲು ಕಾಗದದ ಮೇಲೆ ಅಚ್ಚಾಗಿದ್ದ 0.506ನ್ನು ಮರಳಿ ತುಂಬಿದ್ದಕ್ಕೆ ಅವರ ಕೃತಕ ಹವಾಮಾನ ಬೇರೆ ದಾರಿಯನ್ನೇ ಹಿಡಿದಿತ್ತು. ಒಳಗಿದ್ದದ್ದು ಆರು ಅಂಕಿ, ಅಚ್ಚು ತೋರಿಸಿದ್ದು ಮೂರು. ಆ ಅಚ್ಚುಯಂತ್ರದ ಕೊರತೆಯೇ ಇಂದಿಗೂ ಡೀಬಗ್ಗರಿನಲ್ಲಿ ಹುಡುಕಬೇಕಾದ ಕೊರತೆ.

8087ರ ಒಳಗಿನ ರಿಜಿಸ್ಟರುಗಳು 80 ಬಿಟ್‌ಗಳವು. ಲೆಕ್ಕ ಅಲ್ಲಿ ನಡೆಯುವಷ್ಟು ಹೊತ್ತು ಅಂಕಿಗೆ 64 ಬಿಟ್ ನಿಖರತೆ. ಅದೇ ಬೆಲೆಯನ್ನು ಮೆಮೊರಿಗೆ ಇಳಿಸಿದರೆ 53ಕ್ಕೆ ಕತ್ತರಿ. ಪ್ರೋಗ್ರಾಂ ಬರೆದವರಿಗೆ ಯಾವುದು ಎಲ್ಲಿದೆ ಎಂದು ತಿಳಿಯುವುದಿಲ್ಲ, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ತನಗೆ ತೋಚಿದಂತೆ ಇಡುತ್ತದೆ. ಎರಡು ಸಲ ಮಾಡಿದ ಒಂದೇ ಲೆಕ್ಕ ಒಂದಕ್ಕೊಂದು ಸಮವಲ್ಲ ಎನ್ನುವ ವಿಚಿತ್ರ ಹೀಗೆ ಹುಟ್ಟಿತು. ಏನಾಗುತ್ತಿದೆ ಎಂದು ನೋಡಲು ನಡುವೆ ಒಂದು ಮುದ್ರಣದ ಸಾಲು ಸೇರಿಸಿದರೆ ಬೆಲೆ ಮೆಮೊರಿಗೆ ಇಳಿದು ತಪ್ಪೇ ಮಾಯ. ಜಿಸಿಸಿ ಕಂಪೈಲರಿನ ದೂರುಗಳ ಪಟ್ಟಿಯಲ್ಲಿ 2000ದಲ್ಲಿ ದಾಖಲಾದ 323ನೇ ದೂರು ಇದೇ ಕುರಿತದ್ದು. ಅದು ತಮ್ಮದೂ ತೊಂದರೆಯೆಂದು ವರ್ಷಾನುಗಟ್ಟಲೆ ಹೊಸಬರು ಬಂದು ಸೇರಿಕೊಳ್ಳುತ್ತಲೇ ಇದ್ದರು. ಇಂಥಲ್ಲಿ ಡೀಬಗ್ಗರ್ ಬೆಲೆಯನ್ನು ಮುಟ್ಟಿ ಕೆಡಿಸದೆ ರಿಜಿಸ್ಟರಿನಲ್ಲಿ ಇದ್ದಂತೆಯೇ ಓದಬೇಕು. ಜಿಡಿಬಿಯಲ್ಲಿ ಅದಕ್ಕೆಂದೇ ರಿಜಿಸ್ಟರುಗಳ ಪೂರ್ತಿ ಸ್ಥಿತಿ ತೋರಿಸುವ ಆಜ್ಞೆಯಿದೆ, ಅದಕ್ಕೂ ಪರೀಕ್ಷೆಯಿದೆ.

ಪೆಟ್ಟಿಗೆಯ ಹೊರಗಾತ್ರ ನೋಡಿ ಮೋಸಹೋಗುವ ಸಂದರ್ಭವೂ ಉಂಟು. 64 ಬಿಟ್ ಇಂಟೆಲ್ ಯಂತ್ರಗಳ ಲಿನಕ್ಸಿನಲ್ಲಿ ಆ 80 ಬಿಟ್ ಸಂಖ್ಯೆ 16 ಬೈಟ್ ಜಾಗ ಹಿಡಿದರೂ ಬಳಸುವುದು ಹತ್ತನ್ನೇ. ನಿಜವಾಗಿ 128 ಬಿಟ್ ಇರುವ ಇನ್ನೊಂದು ಬಗೆಯ ಸಂಖ್ಯೆಯೂ ಅದೇ 16 ಬೈಟ್. ಕಂಪೈಲರ್ ಬಿಟ್ಟುಹೋಗುವ ಟಿಪ್ಪಣಿಯಲ್ಲಿ ಎರಡಕ್ಕೂ ‘ಫ್ಲೋಟಿಂಗ್ ಪಾಯಿಂಟ್, 16 ಬೈಟ್’ ಎಂದಷ್ಟೇ ಇದ್ದರೆ ಡೀಬಗ್ಗರ್ ಒಂದನ್ನು ಇನ್ನೊಂದೆಂದು ಓದಿ ಅಸಂಬದ್ಧ ಅಂಕಿ ಒದರುತ್ತದೆ. ಜಿಡಿಬಿ ಈ ಗೊಂದಲವನ್ನು ಸಂಖ್ಯೆಯ ಬಗೆಯ ಹೆಸರು ನೋಡಿ ಬಿಡಿಸಿಕೊಳ್ಳುತ್ತದೆ. ಇನ್ನು, ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಕೂತು ಬೇರೆ ಜಾತಿಯ ಪ್ರೊಸೆಸರಿನ ಪ್ರೋಗ್ರಾಮನ್ನು ತಪಾಸಣೆ ಮಾಡುವಾಗ, ಕೂಡುವ ಕಳೆಯುವ ಲೆಕ್ಕ ಯಾರ ರೀತಿಯಲ್ಲಿ ನಡೆಯಬೇಕು? ತಪಾಸಣೆಗೆ ಒಳಗಾದ ಯಂತ್ರದ ರೀತಿಯಲ್ಲೇ. 2018ರಲ್ಲಿ ಬಂದ 8.1ನೇ ಆವೃತ್ತಿಯಿಂದ ಜಿಡಿಬಿ ಎರಡೂ ಯಂತ್ರಗಳ ರೂಪ ಬೇರೆಯಿದ್ದಾಗ ಎಂಪಿಎಫ್ಆರ್ ಎಂಬ ನಿಖರ ಲೆಕ್ಕದ ಗ್ರಂಥಾಲಯದ ನೆರವಿನಿಂದ ಎದುರಿನ ಯಂತ್ರದ ಲೆಕ್ಕವನ್ನು ಅನುಕರಿಸುತ್ತದೆ.

ಹಣದ ಲೆಕ್ಕಕ್ಕೆ ಈ ದ್ವಿಮಾನ ಭಿನ್ನಗಳ ಸಹವಾಸವೇ ಬೇಡವೆನ್ನುವವರಿದ್ದಾರೆ, ಅವರ ಮಾತು ಸರಿ. ವ್ಯಾಂಕೂವರ್ ಷೇರುಪೇಟೆ 1982ರ ಜನವರಿಯಲ್ಲಿ 1000ದಿಂದ ಶುರು ಮಾಡಿದ ಸೂಚ್ಯಂಕ, ಪ್ರತಿ ವ್ಯವಹಾರದಲ್ಲೂ ಮೂರನೇ ದಶಮಾಂಶದ ಆಚೆಗಿನದನ್ನು ಕತ್ತರಿಸುತ್ತ ಬಂದದ್ದರಿಂದ, 1983ರ ನವೆಂಬರಿನಲ್ಲಿ 1098.892 ಇರಬೇಕಾದಾಗ 524.811ಕ್ಕೆ ಇಳಿದಿತ್ತು. ಕೊಲ್ಲಿಯಲ್ಲಿ ಇನ್ನೊಂದು ಬಿಕ್ಕಟ್ಟು ಸೇರುತ್ತದೆ. ಕತಾರಿನ ರಿಯಾಲಿಗೆ ನೂರು ದಿರ್‌ಹಮ್, ಆದರೆ ಕುವೈತ್ ಮತ್ತು ಬಹ್ರೇನಿನ ದಿನಾರಿಗೆ ಸಾವಿರ ಫಿಲ್ಸ್, ಒಮಾನಿನ ರಿಯಾಲಿಗೆ ಸಾವಿರ ಬೈಸಾ. ಎರಡು ದಶಮಾಂಶಕ್ಕೆಂದು ಬರೆದ ಪ್ರೋಗ್ರಾಂ ಬಹ್ರೇನಿಗೆ ಹೋದರೆ ಕೊನೆಯ ಅಂಕಿ ಉದುರುತ್ತದೆ. ಆದ್ದರಿಂದ ಬಲ್ಲವರು ಫಿಲ್ಸ್ ಅಥವಾ ಪೈಸೆಯನ್ನೇ ಪೂರ್ಣಾಂಕವಾಗಿ ಇಡುತ್ತಾರೆ. 2008ರಲ್ಲಿ ಪರಿಷ್ಕರಿಸಿದ ಐಇಇಇ 754 ಹತ್ತರ ಲೆಕ್ಕದಲ್ಲೇ ಕೂರುವ ದಶಮಾನ ಫ್ಲೋಟಿಂಗ್ ಪಾಯಿಂಟನ್ನೂ ಸೇರಿಸಿತು. ಜಿಡಿಬಿಗೆ ಅದರ ಮೂರೂ ಗಾತ್ರಗಳು ಗೊತ್ತು, ಅಲ್ಲಿ 0.1 ಎಂದರೆ ಹದಿನಾರಾಣೆ 0.1.

ಆದರೂ ಪ್ರಪಂಚದ ಬಹುಪಾಲು ಪ್ರೋಗ್ರಾಮುಗಳು ಹಳೆಯ ಎರಡರ ಪೆಟ್ಟಿಗೆಯಲ್ಲೇ ಓಡುತ್ತಿವೆ. ಅವುಗಳ ಪರೀಕ್ಷಾ ಕಡತ ಬರೆಯುವ ಕೆಲಸ ದೋಹಾದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಕನ್ನಡಿಗರ ಪಾಲಿಗೂ ಬರುತ್ತದೆ. ಆ ಕಡತದಲ್ಲಿ ನಾಲ್ಕು ರೂಪಾಯಿ ಆರಾಣೆಯ 4.375ರ ಕೆಳಗೆ ಇನ್ನೊಂದು ಸಾಲು ಸೇರಿಸಿ, ಸಂಖ್ಯೆ 3.64, ನಿರೀಕ್ಷಿತ ಉತ್ತರ 3.6400000000000001 ಎಂದು ಬರೆದು, ಆ ಉತ್ತರವನ್ನು ಮರಳಿ ಡೀಬಗ್ಗರಿಗೆ ಕೊಟ್ಟು ಅವೇ 64 ಬಿಟ್‌ಗಳು ಬಂದವೇ ಎಂದು ಒಂದೊಂದಾಗಿ ನೋಡಲು ಐದು ನಿಮಿಷ ಸಾಕು.